ಹಿಂದೆ ಕೂತು ಆಡುವವರ ಎದುರು ಭಾರತ ಹೇಗೆ ಆಡಬೇಕು? (ಫುಟ್ಬಾಲ್, ಆಟದ ಮಾತು ಮಾತ್ರ)

ಅಮ್ಮತ್ತಿ ಎಡವಿಂಗ್

ಭಾರತ ಟೀಮಿನ ಫಲಿತಾಂಶಕ್ಕೆ ಯಾರನ್ನು ಬೈಯಬೇಕು ಅನ್ನೋ ಚರ್ಚೆ ಬೇರೆ ಕಡೆ ಜೋರಾಗಿ ನಡೀತಿದೆ, ಅಲ್ಲೇ ನಡೀಲಿ. ಇಲ್ಲಿ ಕೇಳ್ತಿರೋದು ಇಷ್ಟೇ: ಎದುರಿನವರು ಹತ್ತೂ ಜನರನ್ನು ಚೆಂಡಿನ ಹಿಂದಕ್ಕೆ ಇಳಿಸಿಕೊಂಡು ಕೂತರೆ ನಮ್ಮ ಟೀಮ್ ಯಾಕೆ ಒದ್ದಾಡುತ್ತೆ?

ಲೆಕ್ಕ ನೋಡಿ. 2024ರ ಮಾರ್ಚ್ 21, ಸೌದಿಯ ಅಬಹಾದಲ್ಲಿ ಅಫ್ಘಾನಿಸ್ತಾನ, 0-0. ಐದು ದಿನ ಬಿಟ್ಟು ಗುವಾಹಟಿಯಲ್ಲಿ ಅದೇ ಅಫ್ಘಾನಿಸ್ತಾನ, ಛೇತ್ರಿ ಪೆನಾಲ್ಟಿ ಹೊಡೆದು ಮುಂದಿದ್ದೂ 1-2. ಜೂನ್ 6 ಕೋಲ್ಕತ್ತದಲ್ಲಿ ಕುವೈತ್ 0-0. ಸೆಪ್ಟೆಂಬರ್ 3 ಹೈದರಾಬಾದಿನಲ್ಲಿ ಮಾರಿಷಸ್ 0-0. 2025ರ ಮಾರ್ಚ್ 25 ಶಿಲ್ಲಾಂಗ್, ಬಾಂಗ್ಲಾದೇಶ 0-0. ಸೆಪ್ಟೆಂಬರಿನಲ್ಲಿ ಮಧ್ಯ ಏಷ್ಯಾದ ಕಾಫಾ ನೇಷನ್ಸ್ ಕಪ್, ಮತ್ತೆ ಅಫ್ಘಾನಿಸ್ತಾನ, ಮತ್ತೆ 0-0. ಬೇಕಂತಲೇ ಆರಿಸಿದ ಪಟ್ಟಿ, ಒಪ್ಕೋತೀನಿ. ಆದರೂ ಆರು ಮ್ಯಾಚ್, 540 ನಿಮಿಷ, ಪೆನಾಲ್ಟಿ ಬಿಟ್ಟರೆ ಒಂದು ಗೋಲಿಲ್ಲ. ಈ ಅವಧಿಯಲ್ಲಿ ಸ್ಟಿಮಾಚ್ ಹೋದರು, ಮಾನೊಲೊ ಬಂದು ಹೋದರು, ಖಾಲಿದ್ ಜಮೀಲ್ ಬಂದರು. ಕೋಚ್ ಬದಲಾದರೂ ಚಿತ್ರ ಬದಲಾಗಿಲ್ಲ ಅಂದ್ರೆ ಕಾಯಿಲೆ ಇನ್ನೂ ಕೆಳಗಿದೆ.

ಚಿತ್ರ ಯಾವುದು ಅಂದ್ರೆ, ಚೆಂಡು ಲಾಳದ ಆಕಾರದಲ್ಲಿ ಸುತ್ತುತ್ತೆ. ರೈಟ್ ಬ್ಯಾಕ್, ಸ್ಟಾಪರ್ (ನಡುವಿನ ಡಿಫೆಂಡರ್), ಇನ್ನೊಬ್ಬ ಸ್ಟಾಪರ್, ಲೆಫ್ಟ್ ಬ್ಯಾಕ್, ವಾಪಸ್ಸು. ಲಾಳದ ಒಳಗೆ ಚೆಂಡು ಹೋಗೋದೇ ಇಲ್ಲ. ಕೊನೆಗೆ ಗೋಲಿಂದ ಮೂವತ್ತು ಮೀಟರ್ ದೂರದಿಂದ ಒಂದು ಕ್ರಾಸ್. ಪೆನಾಲ್ಟಿ ಬಾಕ್ಸ್ 40 ಮೀಟರ್ ಅಗಲ, ಹದಿನಾರೂವರೆ ಮೀಟರ್ ಆಳ. ಅಷ್ಟು ಜಾಗದಲ್ಲಿ ನಮ್ಮವನು ಒಬ್ಬ, ಅವರು ಐದು ಜನ.

ಸ್ಟಾಪರ್ ಸುಂಟಿಕೊಪ್ಪ

ಮೊದಲು ಒಂದು ತಿದ್ದುಪಡಿ. ಶಿಲ್ಲಾಂಗಿನಲ್ಲಿ ಬಾಂಗ್ಲಾ ಬಸ್ ನಿಲ್ಲಿಸಿರಲಿಲ್ಲ, ಅಂದ್ರೆ ಎಲ್ಲರೂ ಗೋಲಿನ ಮುಂದೆ ಕೂತಿರಲಿಲ್ಲ. ಮೊದಲ ಅರ್ಧದಲ್ಲಿ ಒಳ್ಳೊಳ್ಳೆ ಚಾನ್ಸ್ ಸಿಕ್ಕಿದ್ದು ಅವರಿಗೇ. ಮುಂದೆ ಬಂದು ಒತ್ತಿ, ಚೆಂಡು ಹೋದ ತಕ್ಷಣ ಹಿಂದೆ ಇಳಿಯೋದು ಒಂದು ಜಾತಿ. ಮೊದಲಿಂದ ಕೊನೆವರೆಗೂ ತಮ್ಮ ಬಾಕ್ಸ್ ಮುಂದೆಯೇ ಕೂರೋದು ಇನ್ನೊಂದು ಜಾತಿ. ಎರಡಕ್ಕೂ ಒಂದೇ ಔಷಧಿ ನಡೆಯಲ್ಲ. ಒತ್ತುವವರ ಬೆನ್ನ ಹಿಂದೆ ಜಾಗ ಇರುತ್ತೆ, ಒಂದು ಉದ್ದ ಚೆಂಡು ಸಾಕು. ಕೂತವರ ಹಿಂದೆ ಗೋಲ್‌ಕೀಪರ್ ಬಿಟ್ಟರೆ ಏನೂ ಇಲ್ಲ.

ಕೂತವರ ವಿಷಯಕ್ಕೆ ಬರೋಣ. ಡಿಫೆನ್ಸ್‌ನಲ್ಲಿ ನಿಂತವನಿಗೆ ಅತಿ ಸುಲಭದ ಕೆಲಸ ಅಂದ್ರೆ ಮೂವತ್ತು ಮೀಟರ್‌ನಿಂದ ಬರೋ ಕ್ರಾಸ್. ಮುಖ ಚೆಂಡಿನ ಕಡೆ, ತನ್ನ ಆಳು ಕಣ್ಣೆದುರು, ಎರಡು ಹೆಜ್ಜೆ ಮುಂದೆ ಓಡಿ ತಲೆ ಕೊಟ್ಟರೆ ಮುಗೀತು. ದಿನವಿಡೀ ಹೊಡೆದರೂ ಬೇಜಾರಿಲ್ಲ. ಅತಿ ಕಷ್ಟದ ಕೆಲಸ ತನ್ನ ಗೋಲಿನ ಕಡೆ ಓಡ್ತಾ ಚೆಂಡು ಆಡೋದು. ಆಗ ಚೆಂಡು ಒಂದು ಕಡೆ, ತನ್ನ ಆಳು ಬೆನ್ನ ಹಿಂದೆ. ಎರಡನ್ನೂ ಒಟ್ಟಿಗೆ ನೋಡೋಕೆ ಯಾರಿಂದಲೂ ಆಗಲ್ಲ. ಎದುರಾಳಿ ಸ್ಟಾಪರ್‌ಗಳು 90 ನಿಮಿಷದಲ್ಲಿ ಎಷ್ಟು ಸಲ ತಮ್ಮ ಗೋಲಿನ ಕಡೆ ಮುಖ ಮಾಡಿ ಓಡಿದರು ಅಂತ ಎಣಿಸಿ. ಪಾಸ್ ಎಣಿಸೋದಕ್ಕಿಂತ ಆ ಲೆಕ್ಕ ಹೆಚ್ಚು ಹೇಳುತ್ತೆ.

ಬೇಸ್‌ಲೈನ್ ಪೊನ್ನಂಪೇಟೆ

ಇದನ್ನೇ ನಮ್ಮ ಕೊಡಗು ಜಿಲ್ಲೆಯಲ್ಲಿ ಹಾಕಿ ಸ್ಟಿಕ್ ಹಿಡಿದ ಹತ್ತು ವರ್ಷದ ಹುಡುಗನೂ ಹೇಳ್ತಾನೆ. ಡಿ (ಗೋಲಿನ ಮುಂದಿನ ಅರ್ಧವೃತ್ತ) ತುಂಬಾ ಡಿಫೆಂಡರ್‌ಗಳಿದ್ದರೆ ನಡುವೆ ತೂರಬೇಡ. ಬೇಸ್‌ಲೈನ್ ತನಕ ಹೋಗು, ಅಲ್ಲಿಂದ ಹಿಂದಕ್ಕೆ ಕೊಡು. ಕೊಡವ ಕುಟುಂಬಗಳ ನಡುವಿನ ಹಾಕಿ ಟೂರ್ನಿ ನೋಡಿದವರು ಇದನ್ನು ಸಾವಿರ ಸಲ ನೋಡಿರ್ತೀರಿ. ಒಬ್ಬ ಗೆರೆ ಮೇಲೆ ಓಡ್ತಾನೆ, ಡಿಫೆನ್ಸ್ ಪೂರಾ ಗೋಲಿನ ಬಾಯಿಗೆ ಕುಸಿಯುತ್ತೆ, ಚೆಂಡು ಹಿಂದಕ್ಕೆ ಬರುತ್ತೆ, ಪೆನಾಲ್ಟಿ ಸ್ಪಾಟ್ ಹತ್ತಿರ ಒಬ್ಬ ಆರಾಮಾಗಿ ನಿಂತಿರ್ತಾನೆ. ಫುಟ್ಬಾಲಿನಲ್ಲಿ ಇದಕ್ಕೆ ಕಟ್‌ಬ್ಯಾಕ್ ಅಂತಾರೆ. ಹೆಸರು ಬೇರೆ, ಸಾಮಾನು ಅದೇ.

ಇದರಲ್ಲಿ ಕೆಡುವ ಜಾಗ ಒಂದೇ: ಎಲ್ಲರೂ ಗೋಲಿಗೆ ಓಡಿಬಿಡೋದು. ಹಿಂದಕ್ಕೆ ಬರೋ ಚೆಂಡಿಗೆ ಹಿಂದೆ ಯಾರೋ *ನಿಲ್ಲಬೇಕು*. ಓಡೋದು ಎಲ್ಲರಿಗೂ ಬರುತ್ತೆ. ಓಡ್ತಾ ಇದ್ದವನು 11 ಮೀಟರ್ ಹತ್ತಿರ ಬ್ರೇಕ್ ಹಾಕಿ ನಿಲ್ಲೋದನ್ನು ಕಲಿಸಬೇಕು. ಹತ್ತಿರದ ಪೋಸ್ಟಿಗೆ ಒಬ್ಬ ಜೋರಾಗಿ ಓಡಲಿ, ಅವನಿಗೆ ಚೆಂಡು ಸಿಗದಿದ್ದರೂ ಪರವಾಗಿಲ್ಲ, ಅವನ ಕೆಲಸ ಲೈನನ್ನು ಕೆಳಗೆ ಎಳೆಯೋದು. ಒಬ್ಬ ದೂರದ ಪೋಸ್ಟಿಗೆ. ಒಬ್ಬ ಪೆನಾಲ್ಟಿ ಸ್ಪಾಟಲ್ಲಿ ನಿಲ್ಲಲಿ. ಇನ್ನೊಬ್ಬ ಬಾಕ್ಸಿನ ಹೊರಗೆ, ಅರ್ಧಚಂದ್ರದ ಮೇಲೆ. ಒಟ್ಟು ನಾಲ್ಕು.

ವಿರಾಜಪೇಟೆ ಸೀಟಿ

ಒಂದು ವ್ಯತ್ಯಾಸ ನೆನಪಿರಲಿ. ಹಾಕಿಯಲ್ಲಿ ಆಫ್‌ಸೈಡ್ ತೆಗೆದುಹಾಕಿ ದಶಕಗಳಾದವು, ಫುಟ್ಬಾಲಿನಲ್ಲಿ ಇದೆ. ಆದರೆ ಕಟ್‌ಬ್ಯಾಕ್‌ಗೆ ಆ ತೊಂದರೆ ಇಲ್ಲ. ಪಾಸ್ ಕೊಟ್ಟ ಕ್ಷಣದಲ್ಲಿ ಚೆಂಡಿಗಿಂತ ಹಿಂದೆ ಅಥವಾ ಚೆಂಡಿನ ಸಮಕ್ಕೆ ಇರುವವನು ಆಫ್‌ಸೈಡ್ ಆಗುವುದಿಲ್ಲ, ಅವನ ಮುಂದೆ ಡಿಫೆಂಡರ್ ಎಷ್ಟು ಜನ ಇದ್ದಾರೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ವಿಂಗರ್ ಗೋಲ್ ಲೈನ್ ಮುಟ್ಟಿದ್ದರೆ ಬಾಕ್ಸಿನೊಳಗೆ ಇರುವ ಎಲ್ಲರೂ ಆನ್‌ಸೈಡ್. ಲೈನ್ಸ್‌ಮನ್ ಬಾವುಟ ಎತ್ತಲು ಅವಕಾಶವೇ ಇಲ್ಲದ ಪಾಸ್ ಅದು.

ಹಾಗೆಯೇ ನಮ್ಮ ಕಡೆಯ ಸೆವೆನ್ಸ್ (ಏಳು ಜನರ ಫುಟ್ಬಾಲ್) ಆಟಗಾರರಿಗೆ ಒಂದು ಮಾತು. ಸೆವೆನ್ಸ್‌ನಲ್ಲಿ ಆಫ್‌ಸೈಡ್ ಇಲ್ಲದೆ ಆಡಿ ಅಭ್ಯಾಸವಾದವರು ಹನ್ನೊಂದು ಜನರ ಆಟಕ್ಕೆ ಬಂದಾಗ ಸ್ಟಾಪರ್ ಬೆನ್ನ ಹಿಂದೆಯೇ ನಿಂತು ಕಾಯುತ್ತಾರೆ. ಹತ್ತು ಸಲ ಬಾವುಟ ಏಳುತ್ತದೆ, ನಂತರ ರೆಫ್ರಿಗೆ ಬೈಗುಳ.

ಕುಶಾಲನಗರ ಡ್ರಿಬಲ್

ಸೆವೆನ್ಸ್‌ಗೆ ಯಾಕ್ರೀ ಕೈ ಹಾಕ್ತೀರಿ 😄 ಒಬ್ಬರ ಎದುರು ಒಬ್ಬ ನಿಂತಾಗ ದಾಟಿಕೊಂಡು ಹೋಗೋ ಧೈರ್ಯ ಇರೋದು ಸೆವೆನ್ಸ್ ಆಡಿದವರಿಗೇ. ನಿಮ್ಮ ಕಟ್‌ಬ್ಯಾಕ್‌ಗೆ ಮೊದಲು ಬೇಸ್‌ಲೈನ್ ಮುಟ್ಟಬೇಕಲ್ಲ, ಮುಟ್ಟಿಸೋದು ಯಾರು? ಕೂತ ಡಿಫೆನ್ಸ್ ಒಡೆಯೋಕೆ ಡ್ರಿಬಲ್ ಮಾಡೋ ವಿಂಗರ್ ಬೇಕು, ಉಳಿದದ್ದೆಲ್ಲ ಬೋರ್ಡ್ ಮೇಲಿನ ಬಾಣ.

ಸ್ಪೇನ್ ನೋಡಿ ಸಾಕು. 2018ರ ವಿಶ್ವಕಪ್‌ನಲ್ಲಿ ರಷ್ಯಾ ಎದುರು ಸಾವಿರಕ್ಕೂ ಹೆಚ್ಚು ಪಾಸ್, 1-1, ಪೆನಾಲ್ಟಿ ಶೂಟೌಟ್‌ನಲ್ಲಿ ಮನೆಗೆ. 2022ರಲ್ಲಿ ಮೊರಾಕೊ ಎದುರು ಮತ್ತೆ ಸಾವಿರ ಪಾಸ್, 0-0, ಶೂಟೌಟ್‌ನಲ್ಲಿ ಹೊಡೆದ ಮೂರರಲ್ಲಿ ಮೂರೂ ಹೋಯ್ತು. 2024ರ ಯೂರೋಗೆ ಎರಡೂ ಕಡೆ ಯಮಾಲ್, ನಿಕೊ ವಿಲಿಯಮ್ಸ್ ಬಂದರು. ಐದು ಜನರನ್ನು ಹಿಂದೆ ಇಟ್ಟ ಜಾರ್ಜಿಯಾ ಮೊದಲು ಗೋಲು ಪಡೆದರೂ ಸ್ಪೇನ್ 4-1. ದೇಶ ಅದೇ, ಪಾಸಿನ ಹುಚ್ಚೂ ಅದೇ. ಬದಲಾಗಿದ್ದು ಇಬ್ಬರು ವಿಂಗರ್.

ಅಮ್ಮತ್ತಿ ಎಡವಿಂಗ್

ಜಾರ್ಜಿಯಾ ಮ್ಯಾಚಿನಲ್ಲಿ ಸ್ಪೇನಿನ ಮೊದಲ ಗೋಲನ್ನು ಇನ್ನೊಮ್ಮೆ ನೋಡಿ. ಎಡಗಡೆಯಿಂದ ನಿಕೊ ಹಿಂದಕ್ಕೆ ಕೊಟ್ಟಿದ್ದು, ಬಾಕ್ಸಿನ ಅಂಚಿನಲ್ಲಿ ನಿಂತಿದ್ದ ರೋಡ್ರಿ ಎಡಗಾಲಲ್ಲಿ ನೆಲಕ್ಕಂಟಿ ಮೂಲೆಗೆ ಹೊಡೆದದ್ದು. ಗೋಡೆ ಪೂರಾ ಹಿಂದೆ ಸರಿದಿತ್ತು, ರೋಡ್ರಿ ಮುಂದೆ ಬರಲೇ ಇಲ್ಲ. ಪೊನ್ನಂಪೇಟೆಯವರು ಹೇಳಿದ ನಾಲ್ಕನೇ ಆಳು. ಅಂದರೆ ವಿಂಗರ್ ಒಬ್ಬನೇ ಸಾಕು ಅನ್ನೋದೂ ಅರ್ಧ ಸತ್ಯ.

ಇನ್ನು ಬೇಸ್‌ಲೈನ್ ಮುಟ್ಟೋದು ಹೇಗೆ ಅನ್ನೋದು. ನನ್ನ ಪ್ರಕಾರ ಇದು ಕಾಲಿನ ಚಳಕಕ್ಕಿಂತ ಸೆಕೆಂಡಿನ ಲೆಕ್ಕ.

ಮೈದಾನದ ಅಗಲ 68 ಮೀಟರ್. ಐದು ಜನರ ಲೈನ್, ಒಬ್ಬರಿಂದ ಒಬ್ಬರಿಗೆ 8ರಿಂದ 10 ಮೀಟರ್ ಅಂತರ ಇಟ್ಟರೆ ಮುಚ್ಚೋದು ಹೆಚ್ಚೆಂದರೆ 40 ಮೀಟರ್. ಉಳಿದ 28 ಮೀಟರ್ ಎಲ್ಲೋ ಒಂದು ಕಡೆ ಖಾಲಿ ಇರಲೇಬೇಕು. ಚೆಂಡು ಬಲಗಡೆ ಇದ್ದರೆ ಖಾಲಿ ಜಾಗ ಎಡಗಡೆ. ಈಗ 40 ಮೀಟರ್ ಉದ್ದದ ಒಂದೇ ಒದೆತದಲ್ಲಿ ಚೆಂಡನ್ನು ಎಡಕ್ಕೆ ಕಳಿಸಿದರೆ ಗಾಳಿಯಲ್ಲಿ ಸುಮಾರು ಎರಡೂಕಾಲು ಸೆಕೆಂಡ್. ಅವರ ವಿಂಗ್ ಬ್ಯಾಕ್ (ಬದಿಯ ಡಿಫೆಂಡರ್) ನಿಂತಲ್ಲಿಂದ ತಿರುಗಿ 15 ಮೀಟರ್ ಓಡೋಕೆ ಮೂರು ಸೆಕೆಂಡ್ ಹತ್ತಿರ ಬೇಕು. ನಮ್ಮ ವಿಂಗರ್‌ಗೆ ಮುಕ್ಕಾಲು ಸೆಕೆಂಡ್ ಉಳಿಯುತ್ತೆ. ಸಣ್ಣದು ಅನಿಸಬಹುದು, ಆದರೆ ಚೆಂಡು ನಿಲ್ಲಿಸಿ ತಲೆ ಎತ್ತಿ ಓಡಿಕೊಂಡೇ ಎದುರಾಗೋಕೆ ಸಾಕು.

ನಾವು ಮಾಡೋದೇನು? ಅದೇ ಚೆಂಡನ್ನು ಮೂರು ಪಾಸಿನಲ್ಲಿ ದಾಟಿಸ್ತೀವಿ. ಒಂದೊಂದು ಪಾಸಿಗೆ ಒಂದು ಸೆಕೆಂಡ್, ನಡುವೆ ಎರಡು ಸಲ ಸ್ಟಾಪರ್ ಚೆಂಡು ತುಳಿದು ನಿಲ್ಲಿಸಿ ನೋಡೋಕೆ ತಲಾ ಒಂದೂವರೆ ಸೆಕೆಂಡ್. ಒಟ್ಟು ಆರು ಸೆಕೆಂಡ್ ಆಗುತ್ತೆ. ಅಷ್ಟರಲ್ಲಿ ಅವರ ಗೋಡೆ ಓಡಬೇಕಾಗಿಲ್ಲ, ನಡೆದೇ ಬಂದು ನಿಲ್ಲುತ್ತೆ. ಸುಸ್ತೂ ಇಲ್ಲ.

ಇದಕ್ಕೂ ಮೊದಲು ಮಾಡಬೇಕಾದ್ದು ಒಂದಿದೆ. ಬಲಗಡೆ 15 ಮೀಟರ್ ಚೌಕದಲ್ಲಿ ನಾಲ್ಕೈದು ಚಿಕ್ಕ ಪಾಸ್ ಆಡಿ ಅವರನ್ನು ಅಲ್ಲಿಗೆ ಎಳೆಯಬೇಕು. ಎಳೆಯದೆ ಉದ್ದ ಹೊಡೆದರೆ ಆ 28 ಮೀಟರ್ ಎರಡೂ ಕಡೆ ಹದಿನಾಲ್ಕು ಹದಿನಾಲ್ಕಾಗಿ ಹಂಚಿಹೋಗಿರುತ್ತೆ, ಉಪಯೋಗವಿಲ್ಲ.

ಮಡಿಕೇರಿ ಮಂಜು

ಆನೆ ಸೋಲಾರ್ ಬೇಲಿಗೆ ಮಾಡೋ ಹಾಗೆ ಅನ್ನಿ. ತಂತಿಗೆ ತಲೆ ಕೊಡಲ್ಲ, ಉದ್ದಕ್ಕೂ ನಡೆದು ಸಡಿಲ ಇರೋ ಕಂಬ ಹುಡುಕುತ್ತೆ.

ಸ್ಟಾಪರ್ ಸುಂಟಿಕೊಪ್ಪ

ಆನೆ ತೋಟದ ಒಳಗೆ ಬಂದ ಮೇಲೆ ಹಿಂದೆ ಏನು ಬಿಟ್ಟು ಬಂದೆ ಅಂತ ಯೋಚಿಸಬೇಕಾಗಿಲ್ಲ, ಫುಟ್ಬಾಲಿನಲ್ಲಿ ಯೋಚಿಸಬೇಕು. ಇಲ್ಲಿವರೆಗೆ ಎಲ್ಲರೂ ಗೋಲು ಹೊಡೆಯೋದನ್ನೇ ಹೇಳ್ತಿದ್ದೀರಿ. ಕೂತು ಆಡುವವರ ಬದುಕೇ ನಮ್ಮ ಕೈಜಾರಿದ ಚೆಂಡಿನ ಮೇಲೆ ನಡೆಯೋದು.

2025ರ ನವೆಂಬರ್ 18, ಢಾಕಾ. 11ನೇ ನಿಮಿಷ. ಎಡಗಡೆ ಬಾಂಗ್ಲಾದ ರಾಕಿಬ್ ಓಡಿದ, ಮೊರ್ಸಾಲಿನ್ ಮುಗಿಸಿದ. ಅಲ್ಲಿಂದಾಚೆ ಬಾಂಗ್ಲಾಗೆ 79 ನಿಮಿಷ ಗೋಡೆ ಕಟ್ಟಿಕೊಂಡು ಕೂರೋಕೆ ಲೈಸೆನ್ಸ್ ಸಿಕ್ಕಿತು. 0-0 ಇದ್ದಾಗ ಕೂತಿರೋ ಟೀಮ್ ಯಾವಾಗಲಾದರೂ ಒಮ್ಮೆ ಹೊರಗೆ ಬರಬೇಕು. 1-0 ಆದ ಮೇಲೆ ಯಾಕೆ ಬರ್ತಾರೆ? ಅದಕ್ಕೇ ಗೋಡೆ ಒಡೆಯೋ ಮೊದಲ ಪಾಠ ಗೋಲು ಬಿಟ್ಟುಕೊಡದಿರೋದು.

ಪ್ರಾಯೋಗಿಕವಾಗಿ ಹೀಗೆ: ನಮ್ಮ ಐದು ಜನ ದಾಳಿಗೆ, ಐದು ಜನ ಕಾವಲಿಗೆ. ಕಾವಲಿನವರಲ್ಲಿ ಮೂವರು ಹಿಂದೆ, ಇಬ್ಬರು ಅವರ ಮುಂದೆ. ಎರಡೂ ಬದಿಯ ಬ್ಯಾಕ್‌ಗಳು ಒಟ್ಟಿಗೆ ಮೇಲೆ ಹೋಗಕೂಡದು. ಒಬ್ಬ ಹೋದರೆ ಇನ್ನೊಬ್ಬ ಒಳಗೆ ಬಂದು ಮೂರನೇ ಸ್ಟಾಪರ್ ಆಗಬೇಕು. ಅವರು ಮುಂದೆ ಬಿಟ್ಟಿರೋ ಒಬ್ಬ ಸ್ಟ್ರೈಕರ್ ಇದ್ದಾನಲ್ಲ, ನಾವು ದಾಳಿ ಮಾಡುವಾಗಲೇ ಅವನನ್ನು ಒಂದು ಕೈ ಅಳತೆಯಲ್ಲಿ ಹಿಡಿದಿಟ್ಟಿರಬೇಕು. ಸ್ಟಾಪರ್‌ಗಳು ಆಟ ನೋಡ್ತಾ ಹತ್ತು ಮೀಟರ್ ದೂರ ನಿಂತಿರ್ತಾರೆ, ಚೆಂಡು ಹೋದ ಮೇಲೆ ಓಡೋಕೆ ಶುರು ಮಾಡ್ತಾರೆ. ಆ ಹತ್ತು ಮೀಟರಲ್ಲಿ ಅವನು ಚೆಂಡು ನಿಲ್ಲಿಸಿ, ತಿರುಗಿ, ಪಾಸನ್ನೂ ಕೊಟ್ಟಾಗಿರುತ್ತೆ.

ಚೆಂಡು ಕಳೆದುಕೊಂಡ ಜಾಗದಲ್ಲೇ ಹತ್ತಿರದ ಮೂವರು ಐದು ಸೆಕೆಂಡ್ ಮುಗಿಬೀಳಬೇಕು. ಸಿಕ್ಕರೆ ಅದೇ ನಮ್ಮ ಒಳ್ಳೆಯ ಚಾನ್ಸ್, ಯಾಕಂದ್ರೆ ಆ ಕ್ಷಣದಲ್ಲಿ ಅವರ ಗೋಡೆ ಮುಂದೆ ಓಡೋಕೆ ಬಾಗಿಲು ತೆಗೆದಿರುತ್ತೆ.

ಬೇಸ್‌ಲೈನ್ ಪೊನ್ನಂಪೇಟೆ

ಪೆನಾಲ್ಟಿ ಕಾರ್ನರ್ ಮಾತು ಯಾರೂ ಎತ್ತಲಿಲ್ಲ, ಆಶ್ಚರ್ಯ. ಹಾಕಿಯಲ್ಲಿ ಡಿ ಒಳಗೆ ಫೀಲ್ಡ್ ಗೋಲಿಗೆ ದಾರಿ ಇಲ್ಲ ಅಂದ್ರೆ ಏನು ಮಾಡ್ತಾರೆ? ಕಾರ್ನರ್ ಗಿಟ್ಟಿಸ್ತಾರೆ. ನಮ್ಮವರೇ ಆದ ರಘುನಾಥ್ ಅಂಥ ಡ್ರ್ಯಾಗ್ ಫ್ಲಿಕ್ಕರ್ (ಪೆನಾಲ್ಟಿ ಕಾರ್ನರ್ ಹೊಡೆಯೋದರಲ್ಲಿ ಪರಿಣತ) ಇದ್ದಾಗ ಗೋಡೆಯ ಚಿಂತೆ ಅರ್ಧ ಕಮ್ಮಿ ಇರ್ತಿತ್ತು. ಫುಟ್ಬಾಲಿನಲ್ಲಿ ಕಾರ್ನರನ್ನು ಮಾತ್ರ ದೇವರ ಮೇಲೆ ಭಾರ ಹಾಕಿ ಒದೀತಾರೆ.

ಅಮ್ಮತ್ತಿ ಎಡವಿಂಗ್

ಸರಿಯಾಗಿ ಹೇಳಿದ್ರಿ. ಶಿಲ್ಲಾಂಗಿನ ಬಾಂಗ್ಲಾ ಮ್ಯಾಚಿಗೆ ಆರು ದಿನ ಮೊದಲು ಅಲ್ಲೇ ಮಾಲ್ಡೀವ್ಸ್ ಎದುರು 3-0 ಗೆದ್ದೆವು. ಭೇಕೆ, ಲಿಸ್ಟನ್, ಛೇತ್ರಿ, ಮೂರೂ ತಲೆಯಿಂದ ಹೊಡೆದ ಗೋಲು, ಅದರಲ್ಲಿ ಎರಡು ಕಾರ್ನರ್‌ನಿಂದ. 2018ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಹೊಡೆದ 12ರಲ್ಲಿ 9 ಗೋಲು ಸೆಟ್ ಪೀಸ್ (ಕಾರ್ನರ್, ಫ್ರೀ ಕಿಕ್ ಥರದ್ದು) ಮತ್ತು ಪೆನಾಲ್ಟಿಯಿಂದ.

ರಾಷ್ಟ್ರೀಯ ತಂಡಕ್ಕಂತೂ ಇದೇ ಅಗ್ಗದ ದಾರಿ. ಒಂದು ಫಿಫಾ ವಿಂಡೊದಲ್ಲಿ (ರಾಷ್ಟ್ರೀಯ ತಂಡಗಳ ಮ್ಯಾಚಿಗೆ ಬಿಟ್ಟ ದಿನಗಳು) ಕೋಚ್ ಕೈಗೆ ಆಟಗಾರರು ಸಿಗೋದು ಬೆರಳೆಣಿಕೆ ದಿನ. ಲೈನ್ ಒಡೆಯೋ ಪಾಸಿನ ಹೊಂದಾಣಿಕೆ ಕ್ಲಬ್ಬಿನಲ್ಲಿ ತಿಂಗಳುಗಟ್ಟಲೆ ಒಟ್ಟಿಗೆ ಆಡಿ ಬರಬೇಕು. ಎರಡು ಕಾರ್ನರ್ ಪಟ್ಟು ಎರಡು ಸಂಜೆಯಲ್ಲಿ ಕೂರುತ್ತೆ.

ಸುಲಭದ್ದು ಒಂದು: ನಾಲ್ವರು ಪೆನಾಲ್ಟಿ ಸ್ಪಾಟ್ ಹತ್ತಿರ ಒಬ್ಬರ ಹಿಂದೆ ಒಬ್ಬರು ರೈಲು ಡಬ್ಬಿ ಹಾಗೆ ಸಾಲಾಗಿ ನಿಲ್ಲೋದು. ಒದೆಯೋನು ಕೈ ಎತ್ತಿದಾಗ ಅಲ್ಲ, ಓಡೋಕೆ ಶುರು ಮಾಡಿದಾಗ ಚದುರಬೇಕು. ಮೊದಲನೆಯವನು ಹತ್ತಿರದ ಪೋಸ್ಟಿಗೆ, ಎರಡನೆಯವನು ಕೀಪರ್ ಮುಂದೆ, ಮೂರನೆಯವನು ದೂರಕ್ಕೆ, ಕೊನೆಯವನು ಅರ್ಧ ಸೆಕೆಂಡ್ ತಡವಾಗಿ ಖಾಲಿ ಆದ ಜಾಗಕ್ಕೆ. ಆಳಿಗೆ ಆಳು ಹಿಡಿಯೋ ಟೀಮಿಗೆ ಯಾರನ್ನು ಹಿಡೀಬೇಕು ಅಂತ ತಲೆಕೆಡುತ್ತೆ. ಜಾಗ ಹಿಡಿದು ನಿಲ್ಲೋ ಟೀಮಿನ ಎದುರು ಇದು ಅಷ್ಟೇನೂ ನಡೆಯಲ್ಲ. ಅಲ್ಲಿ ಚಿಕ್ಕ ಕಾರ್ನರ್ ತಗೊಂಡು ಅವರನ್ನು ಒಮ್ಮೆ ಹೊರಗೆಳೆದು ಆಮೇಲೆ ಎತ್ತಿ ಹಾಕೋದೇ ಒಳ್ಳೇದು.

ವಿರಾಜಪೇಟೆ ಸೀಟಿ

ಸಾಲಿನ ವಿಚಾರದಲ್ಲಿ ಒಂದು ಎಚ್ಚರಿಕೆ. ದಾರಿಗೆ ಅಡ್ಡ ನಿಲ್ಲಬಹುದು, ಆದರೆ ಚೆಂಡಿನ ಕಡೆ ನೋಡದೆ ಡಿಫೆಂಡರ್‌ನನ್ನು ಅಪ್ಪಿಕೊಂಡು ತಡೆದರೆ ಫೌಲ್, ಗೋಲೂ ಹೋಯಿತು. ಎರಡನೆಯವನು ಕೀಪರ್ ಮೈಗೆ ಒತ್ತಿ ನಿಲ್ಲುವುದೂ ಬೇಡ.

ಕೂತು ಆಡುವವರ ದೊಡ್ಡ ಆಯುಧ ಸಮಯ ತಿನ್ನುವುದು. ಅದಕ್ಕೆ 2025-26ರ ನಿಯಮಾವಳಿಯಲ್ಲಿ ಕತ್ತರಿ ಬಿದ್ದಿದೆ. ಕೀಪರ್ ಕೈಯಲ್ಲಿ ಚೆಂಡು ಎಂಟು ಸೆಕೆಂಡ್ ಮೀರಿದರೆ ಎದುರಾಳಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ರೆಫ್ರಿ ಕೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸುತ್ತಾರೆ. ಹಿಂದೆ ಆರು ಸೆಕೆಂಡ್ ಮತ್ತು ಇನ್‌ಡೈರೆಕ್ಟ್ ಫ್ರೀ ಕಿಕ್ ಎಂದಿತ್ತು, ಯಾರೂ ಕೊಡುತ್ತಿರಲಿಲ್ಲ. ಈಗ ಶಿಕ್ಷೆ ಹಗುರವಾಗಿರುವುದರಿಂದಲೇ ಸೀಟಿ ಊದಲು ಧೈರ್ಯ. ಕ್ಯಾಪ್ಟನ್ ಆದವನು ರೆಫ್ರಿಯ ಕೈ ನೋಡುತ್ತಿರಬೇಕು. ಕೀಪರ್ ಹತ್ತಿರ ಹೋಗಿ ಕೂಗಾಡಿದರೆ ಪ್ರಯೋಜನವಿಲ್ಲ. ಅವನು ಚೆಂಡು ಉರುಳಿಸಿ ಕೊಡುವ ಹತ್ತಿರದ ಇಬ್ಬರ ಬಳಿ ನಿಂತರೆ ಎಂಟು ಸೆಕೆಂಡ್ ತಾನಾಗಿಯೇ ಆಗುತ್ತದೆ.

ಮಡಿಕೇರಿ ಮಂಜು

ಇದನ್ನೆಲ್ಲ ಶಾಲಾ ಮೈದಾನದಲ್ಲಿ ಹುಡುಗರಿಗೆ ಹೇಗೆ ಕಲಿಸೋದು? ಇರೋದು ಹದಿನೈದು ಹುಡುಗರು, ಎಂಟು ಕೋನ್, ನಾಲ್ಕು ಚೆಂಡು.

ಅಮ್ಮತ್ತಿ ಎಡವಿಂಗ್

ಹದಿನೈದು ಸರಿಯಾದ ಲೆಕ್ಕ. ಅರ್ಧ ಮೈದಾನ ತಗೊಳ್ಳಿ. ಎಂಟು ಜನ ದಾಳಿಗೆ, ಆರು ಜನ ಮತ್ತು ಒಬ್ಬ ಕೀಪರ್ ರಕ್ಷಣೆಗೆ. ಮಧ್ಯದ ಗೆರೆಯ ಮೇಲೆ ಎರಡೂ ಕಡೆ ಎರಡೆರಡು ಕೋನ್ ಇಟ್ಟು ಎರಡು ಚಿಕ್ಕ ಗೋಲು ಮಾಡಿ, ಡಿಫೆನ್ಸ್‌ನವರು ಚೆಂಡು ಕಿತ್ತರೆ ಅಲ್ಲಿಗೆ ಹೊಡೀಬೇಕು. ಉಳಿದ ನಾಲ್ಕು ಕೋನ್ ಬಾಕ್ಸಿನ ಎರಡೂ ಬದಿಯಲ್ಲಿ, ಬೇಸ್‌ಲೈನ್ ಹತ್ತಿರದ ಜಾಗ ಗುರುತಿಸೋಕೆ.

ಅಂಕ ಹೀಗೆ: ಆ ಗುರುತಿನ ಜಾಗದಿಂದ ಹಿಂದಕ್ಕೆ ಕೊಟ್ಟು ಹೊಡೆದ ಗೋಲಿಗೆ 3. ಬೇರೆ ಯಾವ ಗೋಲಿಗೂ 1. ಡಿಫೆನ್ಸ್‌ನವರು ಚಿಕ್ಕ ಗೋಲಿಗೆ ಹಾಕಿದರೆ ಅವರಿಗೆ 2. ಒಂದು ಸುತ್ತು ತೊಂಬತ್ತು ಸೆಕೆಂಡ್, ಒಂದು ನಿಮಿಷ ಉಸಿರು, ಆರು ಸುತ್ತು. ಆಮೇಲೆ ಅದಲು ಬದಲು. ನಡುವೆ ನಿಲ್ಲಿಸಿ ಭಾಷಣ ಬೇಡ, ಅಂಕವೇ ಕಲಿಸುತ್ತೆ.

ಎಲ್ಲಿ ಕೆಡುತ್ತೆ ಅಂದ್ರೆ, ವಿಂಗರ್ ಮತ್ತು ಅವನ ಹಿಂದಿನ ಬ್ಯಾಕ್ ಇಬ್ಬರೂ ಟಚ್‌ಲೈನ್ ಮೇಲೆ ಒಂದೇ ಗೆರೆಯಲ್ಲಿ ನಿಂತುಬಿಡ್ತಾರೆ. ಒಬ್ಬ ಡಿಫೆಂಡರ್ ಇಬ್ಬರನ್ನೂ ನೋಡಿಕೊಳ್ತಾನೆ. ಒಬ್ಬ ಹೊರಗಿದ್ದರೆ ಇನ್ನೊಬ್ಬ ಒಳಗೆ, ವಿಂಗ್ ಬ್ಯಾಕ್ ಮತ್ತು ಸ್ಟಾಪರ್ ನಡುವಿನ ಓಣಿಯಲ್ಲಿ ಓಡಬೇಕು. ಆ ಓಟಕ್ಕೆ ಸ್ಟಾಪರ್ ಹಿಂದೆ ಹೋದರೆ ಮಧ್ಯ ಖಾಲಿ, ಹೋಗದಿದ್ದರೆ ಬೇಸ್‌ಲೈನ್ ನಮ್ಮದು. ಎರಡನೇ ತಪ್ಪು, ಪಾಸ್ ಯಾವಾಗಲೂ ಕಾಲಿಗೇ ಕೇಳೋದು. ಕಾಲಿಗೆ ಬಂದ ಚೆಂಡಿಗೆ ಗೋಡೆ ಅಲುಗಲ್ಲ.

ಕುಶಾಲನಗರ ಡ್ರಿಬಲ್

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮ ಕಟ್‌ಬ್ಯಾಕ್ ನಮ್ಮ ಮೈದಾನದ ನೀರಲ್ಲಿ ಅರ್ಧಕ್ಕೇ ನಿಲ್ಲುತ್ತೆ ಸ್ವಾಮಿ. ಪಾಸ್ ಕೊಟ್ಟವನೇ ಮತ್ತೆ ಹೋಗಿ ತರಬೇಕು.

ಸ್ಟಾಪರ್ ಸುಂಟಿಕೊಪ್ಪ

ನೀರು ನಿಂತ ಕಡೆ ಹೌದು. ಅಲ್ಲಿ ಮೊಣಕಾಲೆತ್ತರಕ್ಕೆ ಎತ್ತಿ ಕೊಡಿ. ಒದ್ದೆ ಹುಲ್ಲಿದ್ದರೆ ತಿರುಗಾಮುರುಗ, ಚೆಂಡು ಜಾರಿ ವೇಗ ಹೆಚ್ಚುತ್ತೆ. ಆಗ ಬಾಕ್ಸಿನ ಅಂಚಿಂದ ನೆಲಕ್ಕಂಟಿ ಹೊಡೆದು ಇಬ್ಬರು ಕೀಪರ್ ಮುಂದೆ ಕಾಯಬೇಕು, ಒದ್ದೆ ಚೆಂಡು ಕೈಯಲ್ಲಿ ನಿಲ್ಲಲ್ಲ. ಮ್ಯಾಚಿಗೆ ಮುಂಚೆ ಎರಡೂ ಬಾಕ್ಸಿನಲ್ಲಿ ಚೆಂಡು ಉರುಳಿಸಿ ನೋಡಿಕೊಳ್ಳಿ. ಎಷ್ಟೋ ಮೈದಾನದಲ್ಲಿ ಒಂದು ಬದಿ ಗಟ್ಟಿ, ಇನ್ನೊಂದು ಬದಿ ಗದ್ದೆ.

ಮಡಿಕೇರಿ ಮಂಜು

ಕೊನೇ ಪ್ರಶ್ನೆ. 70 ನಿಮಿಷ, 0-0. ಡಿಫೆಂಡರ್ ತೆಗೆದು ಎರಡನೇ ಸ್ಟ್ರೈಕರ್ ಹಾಕಬೇಕಾ?

ಕುಶಾಲನಗರ ಡ್ರಿಬಲ್

ಹಾಕಬೇಕು. ಡ್ರಾ ಆದ ಮ್ಯಾಚನ್ನು ಫ್ರೇಮ್ ಹಾಕಿಸಿ ಇಟ್ಕೋತೀರಾ?

ಸ್ಟಾಪರ್ ಸುಂಟಿಕೊಪ್ಪ

ಹಾಕಬಾರದು, ಆ ಹೊತ್ತಿಗಂತೂ ಅಲ್ಲ. ಮೊದಲು ವಿಂಗರ್ ಬದಲಿಸಿ, 70 ನಿಮಿಷ ಪಕ್ಕಕ್ಕೆ ಓಡಿ ಸುಸ್ತಾದ ವಿಂಗ್ ಬ್ಯಾಕ್ ಎದುರು ಹೊಸ ಕಾಲು ಬರಲಿ. ಎರಡನೇ ಸ್ಟ್ರೈಕರ್ 80ರ ನಂತರ, ಅದೂ ಹಾಫ್ (ಮಿಡ್‌ಫೀಲ್ಡರ್) ಒಬ್ಬನನ್ನು ತೆಗೆದು. ಸ್ಟಾಪರ್ ಮೇಲೆ ಮಾತ್ರ ಕೈ ಇಡಬೇಡಿ. 2025ರ ಅಕ್ಟೋಬರಿನಲ್ಲಿ ಸಿಂಗಪುರದಲ್ಲಿ ಜಿಂಗಾನ್ ರೆಡ್ ಕಾರ್ಡ್ ಪಡೆದು ಹತ್ತೇ ಜನ ಇದ್ದಾಗಲೂ 90ನೇ ನಿಮಿಷಕ್ಕೆ ರಹೀಂ ಅಲಿ ಸಮ ಮಾಡಿದ. ಅದು ಜನ ಹೆಚ್ಚು ಹಾಕಿ ಬಂದ ಗೋಲಲ್ಲ. ಮುಂದಿದ್ದ ಸಿಂಗಪುರದವರು ಹಿಂದಕ್ಕೆ ಕೊಟ್ಟ ಒಂದು ಸಡಿಲ ಪಾಸಿಗೆ ಕಾದಿದ್ದು.

ಬೇಸ್‌ಲೈನ್ ಪೊನ್ನಂಪೇಟೆ

ಅದೇ ಸಿಂಗಪುರ ಐದು ದಿನ ಬಿಟ್ಟು ಮಡಗಾಂವ್‌ನಲ್ಲಿ 2-1 ಗೆದ್ದಿದ್ದನ್ನೂ ಸೇರಿಸಿ. 14ನೇ ನಿಮಿಷಕ್ಕೇ ಛಾಂಗ್ಟೆ ಹೊಡೆದು ನಾವೇ ಮುಂದಿದ್ದೆವು. ಆಮೇಲೆ ಹಿಂದೆ ಕೂತಿದ್ದು ಯಾರು ಅಂತ ಬೇರೆ ಥ್ರೆಡ್ ತೆಗೀರಿ.